ಹಾಡಬಾರದ ಪೆಟ್ಟಿಗೆ

ಮನೆಯಲ್ಲೇ ಧ್ವನಿವರ್ಧಕದ ಪೆಟ್ಟಿಗೆ ಕಟ್ಟುವ ಕಸುಬಿನಲ್ಲಿ ಗರಗಸದಿಂದ ಪಾಲಿಶ್‌ವರೆಗಿನ ಕೆಲಸವೆಲ್ಲ ಶಬ್ದವಿಜ್ಞಾನಕ್ಕೆ ಸಂಬಂಧಿಸಿದ್ದೇ ಆಗಿರುತ್ತದೆ

ವೀಣೆಯ ಕೊಡ ಕೊರೆಯುವ ಕುಶಲಕರ್ಮಿ ಹಲಸಿನ ಮರವನ್ನು ಆರಿಸಿಕೊಳ್ಳುವುದು ಅದು ತಂತಿಯ ಕಂಪನಕ್ಕೆ ದನಿಗೂಡಿಸಲೆಂದು. ಧ್ವನಿವರ್ಧಕದ ಪೆಟ್ಟಿಗೆ ಕಟ್ಟುವವರು ಹಲಗೆಯನ್ನು ಆರಿಸಿಕೊಳ್ಳಬೇಕಾದದ್ದು ಅದು ಯಾವ ಕಂಪನಕ್ಕೂ ದನಿಗೂಡಿಸದಿರಲೆಂದು. ವಾದ್ಯಕ್ಕೆ ತನ್ನದೇ ಆದ ನಾದವಿರುವುದು ಹೆಚ್ಚುಗಾರಿಕೆಯಾದರೆ, ಒಂದು ಗಳಿಗೆ ಮೃದಂಗವನ್ನೂ ಮರುಗಳಿಗೆ ಕೊಳಲನ್ನೂ ಅದರ ಬೆನ್ನಿಗೇ ಮನುಷ್ಯಕಂಠವನ್ನೂ ಕೇಳಿಸಬೇಕಾದ ಪೆಟ್ಟಿಗೆಗೆ ಸ್ವಂತ ನಾದವೆಂಬುದು ದೋಷ. ಆ ನಾದ ಎಲ್ಲ ದನಿಗಳ ಮೇಲೂ ಒಂದೇ ಬಣ್ಣದ ಲೇಪ ಹಚ್ಚುತ್ತದೆ. ‘ಒಳ್ಳೆಯ ಮರವಿದ್ದರೆ ಒಳ್ಳೆಯ ದನಿ’ ಎಂಬ ಸಾಮಾನ್ಯ ನಂಬಿಕೆ ಈ ಕಸುಬಿನಲ್ಲಿ ನಿಲ್ಲುವುದಿಲ್ಲ. ಇಲ್ಲಿ ಲೆಕ್ಕಕ್ಕೆ ಬರುವುದು ಒಳಗಿನ ಗಾಳಿಯ ಪ್ರಮಾಣ, ಗೋಡೆಗಳ ಬಿಗಿತ, ಕಂಪನವನ್ನು ನುಂಗುವ ಗುಣ ಮತ್ತು ಜೋಡಣೆಯ ಗಾಳಿಬಿಗಿತನ. ಇವುಗಳಲ್ಲಿ ಹೆಚ್ಚಿನವು ದುಬಾರಿ ಸಾಮಗ್ರಿಯನ್ನಲ್ಲ, ದುಡಿಮೆಯ ಗಂಟೆಗಳನ್ನು ಬೇಡುತ್ತವೆ. ಗಂಟೆ ಗಂಟೆಗೂ ಕೂಲಿ ಲೆಕ್ಕ ಹಾಕಬೇಕಾದ ಕಾರ್ಖಾನೆ ಎಲ್ಲಿ ಕೈ ಬಿಗಿಹಿಡಿಯುತ್ತದೆಯೋ ಅಲ್ಲಿಯೇ ಮನೆಯ ಕುಶಲಕರ್ಮಿ ಧಾರಾಳಿಯಾಗಬಹುದು ಎಂಬುದೇ ಈ ಹವ್ಯಾಸಕ್ಕಿರುವ ಗಟ್ಟಿಯಾದ ಸಮರ್ಥನೆ.

ಪೆಟ್ಟಿಗೆ ಏಕೆ ಬೇಕು?

ಇಂದು ಬಳಕೆಯಲ್ಲಿರುವ ಧ್ವನಿವರ್ಧಕದ ಮೂಲ ಮಾದರಿಯನ್ನು ವಿವರಿಸಿದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಅವರು 1925ರಲ್ಲಿ ಪ್ರಕಟಿಸಿದ ಪ್ರಬಂಧ. ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತೂಗಿರುವ ತಂತಿಯ ಸುರುಳಿಯೊಳಗೆ ಸಂಗೀತದ ವಿದ್ಯುತ್ ಸಂಕೇತ ಹರಿದಾಗ ಸುರುಳಿ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ; ಅದಕ್ಕೆ ಅಂಟಿಕೊಂಡ ಕಾಗದದ ಶಂಕು ಗಾಳಿಯನ್ನು ತಳ್ಳಿ ಎಳೆದು ಶಬ್ದವನ್ನು ಹುಟ್ಟಿಸುತ್ತದೆ. ಸುರುಳಿ, ಶಂಕು, ಅಯಸ್ಕಾಂತ, ಲೋಹದ ಚೌಕಟ್ಟು ಎಲ್ಲ ಸೇರಿದ ಈ ಘಟಕಕ್ಕೆ ಕಸುಬಿನವರು ಡ್ರೈವರ್ ಎನ್ನುತ್ತಾರೆ. ಮಂದ್ರಕ್ಕೆ ಮೀಸಲಾದ ದೊಡ್ಡ ಡ್ರೈವರ್ ವೂಫರ್, ತಾರಕ್ಕೆ ಮೀಸಲಾದ ಚಿಕ್ಕದು ಟ್ವೀಟರ್, ಇಬ್ಬರಿಗೂ ಕೆಲಸ ಹಂಚಿಕೊಡುವ ವಿದ್ಯುನ್ಮಂಡಲ ಕ್ರಾಸ್‌ಓವರ್.

ಶಂಕು ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಅದೇ ಕ್ಷಣದಲ್ಲಿ ಬೆನ್ನಿನ ಗಾಳಿ ವಿರಳವಾಗುತ್ತದೆ. ಹೀಗೆ ಮುಂದಿನ ಅಲೆ ಮತ್ತು ಹಿಂದಿನ ಅಲೆ ಒಂದಕ್ಕೊಂದು ತದ್ವಿರುದ್ಧವಾಗಿರುತ್ತವೆ. ತಾರಧ್ವನಿಯ ಅಲೆಗಳು ಗಿಡ್ಡವಾದ್ದರಿಂದ ಅವು ಎದುರಿಗೇ ಸಾಗಿಹೋಗುತ್ತವೆ. ಮಂದ್ರದ ಮಾತು ಬೇರೆ. ಸೆಕೆಂಡಿಗೆ 40 ಸಲ ಕಂಪಿಸುವ, ಅಂದರೆ 40 ಹರ್ಟ್ಸ್ ಆವರ್ತನದ ಶಬ್ದದ ಒಂದೊಂದು ಅಲೆಯೂ ಎಂಟೂವರೆ ಮೀಟರಿಗಿಂತ ಉದ್ದವಿದ್ದು, ಅಂಗೈಯಗಲದ ಡ್ರೈವರನ್ನು ಸುಲಭವಾಗಿ ಬಳಸಿಕೊಂಡು ಹಿಂದಿನಿಂದ ಮುಂದಕ್ಕೆ ಬರುತ್ತದೆ ಮತ್ತು ಎರಡೂ ಅಲೆಗಳು ಪರಸ್ಪರ ರದ್ದಾಗುತ್ತವೆ. ಪೆಟ್ಟಿಗೆಯಿಂದ ಹೊರಗಿಟ್ಟ ಬರಿಯ ಡ್ರೈವರ್ ಕೀರಲಾಗಿ ಕೇಳುವುದಕ್ಕೆ ಇದೇ ಕಾರಣ. ಬೆನ್ನಿನ ಅಲೆಯನ್ನು ಮುಂದಿನ ಅಲೆಯಿಂದ ದೂರ ಇಡುವುದು ಪೆಟ್ಟಿಗೆಯ ಮೊದಲ ಕೆಲಸ. ಆ ಅಲೆಯನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಸಿಕ್ಕ ಬೇರೆ ಬೇರೆ ಉತ್ತರಗಳೇ ಪೆಟ್ಟಿಗೆಗಳ ಬೇರೆ ಬೇರೆ ಬಗೆಗಳು.

ಮೊದಲ ಉತ್ತರ ಮುಚ್ಚಿದ ಪೆಟ್ಟಿಗೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ತಮ್ಮ ಅಕೂಸ್ಟಿಕ್ ರಿಸರ್ಚ್ ಕಂಪನಿಯ ಮೂಲಕ ಹೊರತಂದ ಎಆರ್-1, ಸಡಿಲವಾಗಿ ತೂಗುವ ಶಂಕನ್ನು ಚಿಕ್ಕದಾದ ಗಾಳಿಬಿಗಿ ಪೆಟ್ಟಿಗೆಯಲ್ಲಿಟ್ಟು, ಒಳಗಿನ ಗಾಳಿಯನ್ನೇ ಸ್ಪ್ರಿಂಗಾಗಿ ಬಳಸಿಕೊಂಡಿತು. ಅಲ್ಲಿಯವರೆಗೆ ಮಂದ್ರ ಬೇಕಾದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆಯೇ ಬೇಕೆಂದಿದ್ದ ಕಾಲ ಆ ಮೂಲಕ ಮುಗಿಯಿತು. ಎರಡನೆಯ ಉತ್ತರ ಇದಕ್ಕಿಂತ ಹಳೆಯದು. ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ 1932ರಲ್ಲಿ ಪೇಟೆಂಟ್ ಪಡೆದ ಈ ಬಗೆಯಲ್ಲಿ ಪೆಟ್ಟಿಗೆಗೆ ಒಂದು ಕೊಳವೆಯನ್ನು ಕೂರಿಸಲಾಗುತ್ತದೆ. ಖಾಲಿ ಬಾಟಲಿಯ ಬಾಯಿಗೆ ಊದಿದಾಗ ಅದು ಒಂದೇ ಸ್ವರದಲ್ಲಿ ಗುಂಯ್‌ಗುಡುವಂತೆ, ಕೊಳವೆಯಲ್ಲಿನ ಗಾಳಿಯ ತೂಕವೂ ಪೆಟ್ಟಿಗೆಯಲ್ಲಿನ ಗಾಳಿಯ ಸ್ಪ್ರಿಂಗೂ ಕೂಡಿ ಗೊತ್ತಾದ ಒಂದು ಆವರ್ತನದಲ್ಲಿ ಅನುರಣಿಸುತ್ತವೆ. ಆ ಆವರ್ತನದ ಆಸುಪಾಸಿನಲ್ಲಿ ಬೆನ್ನಿನ ಅಲೆ ತಿರುವುಮುರುವಾಗಿ ಹೊರಬಂದು ಮುಂದಿನ ಅಲೆಯೊಂದಿಗೆ ಕೂಡಿಕೊಳ್ಳುತ್ತದೆ. ರದ್ದಾಗಬೇಕಿದ್ದದ್ದು ಹೀಗೆ ಜಮೆಯಾಗುತ್ತದೆ.

ಈ ಎರಡೂ ಬಗೆಗಳು ದಶಕಗಳ ಕಾಲ ಅಂದಾಜಿನ ಮೇಲೆಯೇ ನಡೆದವು. ಆಸ್ಟ್ರೇಲಿಯಾದ ನೆವಿಲ್ ಥೀಲ್ ಕೊಳವೆ ಪೆಟ್ಟಿಗೆಯನ್ನು ವಿದ್ಯುತ್ ಶೋಧಕಗಳ ಗಣಿತದಿಂದ ವಿವರಿಸಿ 1961ರಲ್ಲಿ ಬರೆದ ಪ್ರಬಂಧ 1971ರಲ್ಲಿ ಅಮೆರಿಕದಲ್ಲಿ ಮರುಮುದ್ರಣಗೊಂಡ ಮೇಲೆಯೇ ಲೋಕದ ಕಣ್ಣಿಗೆ ಬಿತ್ತು. ಸಿಡ್ನಿ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲ್ 1972-73ರ ಪ್ರಬಂಧಗಳಲ್ಲಿ ಆ ಕೆಲಸವನ್ನು ವಿಸ್ತರಿಸಿ ಪೂರ್ಣಗೊಳಿಸಿದರು. ಇವರಿಬ್ಬರ ಹೆಸರಿನ ಥೀಲ್-ಸ್ಮಾಲ್ ಅಂಕಿಗಳು ಇಂದು ಒಳ್ಳೆಯ ಡ್ರೈವರುಗಳ ಜೊತೆ ಬರುವ ಹಾಳೆಯಲ್ಲಿ ಅಚ್ಚಾಗಿರುತ್ತವೆ. ಮನೆಯಲ್ಲಿ ಪೆಟ್ಟಿಗೆ ಕಟ್ಟುವವರಿಗೆ ಕಾರ್ಖಾನೆಯ ಎಂಜಿನಿಯರರ ಲೆಕ್ಕವೇ ಕೈಗೆ ಸಿಗುವಂತಾದದ್ದು ಆ ಹಾಳೆಯಿಂದ. ಬೆಂಗಳೂರಿನ ಎಸ್‌.ಪಿ. ರಸ್ತೆಯಂಥ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಡ್ರೈವರ್ ಕೊಳ್ಳಲು ಹೋದವರು ಅದರ ಇಂಚು ಮತ್ತು ವ್ಯಾಟ್ ಕೇಳುವುದಕ್ಕಿಂತ ಮೊದಲು ಆ ಅಂಕಿಗಳನ್ನು ಕೇಳುವುದು ಲೇಸು. ಅಂಕಿಗಳಿಲ್ಲದ ಡ್ರೈವರಿಗೆ ಪೆಟ್ಟಿಗೆಯ ಅಳತೆ ಹೊಂದಿಸುವುದು ಕತ್ತಲಲ್ಲಿ ಕಲ್ಲೆಸೆಯುವ ಕೆಲಸ.

ಲೀಟರಿನ ಲೆಕ್ಕ

ಆ ಅಂಕಿಗಳಲ್ಲಿ ಮೂರು ಮುಖ್ಯ. ತೆರೆದ ಗಾಳಿಯಲ್ಲಿ ಶಂಕು ಸಹಜವಾಗಿ ಕಂಪಿಸುವ ಆವರ್ತನ ಎಫ್‌ಎಸ್. ಶಂಕಿನ ತೂಗುವಿಕೆಯಷ್ಟೇ ಬಿಗಿತವಿರುವ ಗಾಳಿಯ ಗಾತ್ರ ವಿಎಎಸ್. ಆ ಕಂಪನ ಎಷ್ಟು ಬೇಗ ಅಡಗುತ್ತದೆಂಬುದನ್ನು ಸೂಚಿಸುವ ಸಂಖ್ಯೆ ಕ್ಯೂಟಿಎಸ್. ಉದಾಹರಣೆಗೆ, ಎಫ್‌ಎಸ್ 35 ಹರ್ಟ್ಸ್, ವಿಎಎಸ್ 30 ಲೀಟರ್, ಕ್ಯೂಟಿಎಸ್ 0.35 ಇರುವ ಆರೂವರೆ ಇಂಚಿನ ಒಂದು ವೂಫರನ್ನು ಕಲ್ಪಿಸಿಕೊಳ್ಳಬಹುದು. ಇದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿ, ಉಬ್ಬುತಗ್ಗಿಲ್ಲದೆ ಇಳಿಯುವ ಪ್ರತಿಕ್ರಿಯೆ ಬೇಕೆಂದರೆ ಪೆಟ್ಟಿಗೆಯಲ್ಲಿ ಕ್ಯೂ ಬೆಲೆ 0.707 ಆಗಬೇಕು; ಸೂತ್ರದಂತೆ ಲೆಕ್ಕ ಹಾಕಿದರೆ ಗಾಳಿಯ ಗಾತ್ರ 10 ಲೀಟರಿಗೆ ತುಸು ಕಡಿಮೆ ಬರುತ್ತದೆ ಮತ್ತು ಸುಮಾರು 71 ಹರ್ಟ್ಸ್‌ನಿಂದ ಕೆಳಗೆ ದನಿ ಕ್ಷೀಣಿಸತೊಡಗುತ್ತದೆ. ಅದೇ ವೂಫರನ್ನು 20 ಲೀಟರಿನ ಕೊಳವೆ ಪೆಟ್ಟಿಗೆಯಲ್ಲಿಟ್ಟು 40 ಹರ್ಟ್ಸ್‌ಗೆ ಶ್ರುತಿಗೊಳಿಸಿದರೆ ಮಂದ್ರ ಸುಮಾರು ಆ 40 ಹರ್ಟ್ಸ್‌ವರೆಗೂ ಇಳಿಯುತ್ತದೆ. ಇದಕ್ಕೆ ತೆರಬೇಕಾದ ಬೆಲೆಯೂ ಉಂಟು: ಮುಚ್ಚಿದ ಪೆಟ್ಟಿಗೆಯಲ್ಲಿ ದನಿ ಪ್ರತಿ ಅಷ್ಟಕಕ್ಕೆ 12 ಡೆಸಿಬೆಲ್‌ನಂತೆ ಮೆಲ್ಲಗೆ ಇಳಿದರೆ, ಕೊಳವೆ ಪೆಟ್ಟಿಗೆಯಲ್ಲಿ 24 ಡೆಸಿಬೆಲ್‌ನಂತೆ ಕಡಿದಾಗಿ ಬೀಳುತ್ತದೆ, ಅಲ್ಲದೆ ಶ್ರುತಿಗಿಂತ ಕೆಳಗಿನ ಸ್ವರಗಳಲ್ಲಿ ಶಂಕಿಗೆ ಗಾಳಿಯ ತಡೆಯೇ ಇಲ್ಲದೆ ಅದು ಅಂಕೆ ಮೀರಿ ಓಲಾಡುತ್ತದೆ.

ಕೊಳವೆಯ ಉದ್ದವೂ ಊಹೆಗೆ ಬಿಟ್ಟದ್ದಲ್ಲ. ಒಳವ್ಯಾಸ 5 ಸೆಂ.ಮೀ. ಇರುವ ಪಿವಿಸಿ ಕೊಳವೆಯನ್ನು 20 ಲೀಟರಿನ ಪೆಟ್ಟಿಗೆಗೆ ಹಾಕಿ 40 ಹರ್ಟ್ಸ್ ಪಡೆಯಲು ಸೂತ್ರ 18 ಸೆಂ.ಮೀ.ಗೆ ಸ್ವಲ್ಪ ಹೆಚ್ಚು ಉದ್ದ ಕೇಳುತ್ತದೆ. ಆದರೆ ಕೊಳವೆಯ ಎರಡೂ ಬಾಯಿಗಳ ಹೊರಗಿನ ಒಂದಿಷ್ಟು ಗಾಳಿಯೂ ಒಳಗಿನದರ ಜೊತೆಗೇ ಅಲುಗುವುದರಿಂದ, ಆ ತಿದ್ದುಪಡಿಯನ್ನು ಕಳೆದರೆ ಕತ್ತರಿಸಬೇಕಾದ ಉದ್ದ 15 ಸೆಂ.ಮೀ. ಆಸುಪಾಸು ನಿಲ್ಲುತ್ತದೆ. ತುಸು ಉದ್ದವಾಗಿಯೇ ಕತ್ತರಿಸಿ, ಕೇಳಿ, ಅಳೆದು, ಆಮೇಲೆ ಗಿಡ್ಡ ಮಾಡುವುದು ಜಾಣತನ. ಕೊಳವೆ ತೀರಾ ಸಣ್ಣದಾದರೆ ಗಾಳಿ ಅದರಲ್ಲಿ ರಭಸವಾಗಿ ನುಗ್ಗಿ ಬುಸುಗುಟ್ಟುತ್ತದೆ. ಬಾಯಿಯ ಅಂಚನ್ನು ದುಂಡಗೆ ಉಜ್ಜಿದರೆ ಆ ಸದ್ದು ಬಹಳಷ್ಟು ತಗ್ಗುತ್ತದೆ.

ಇನ್ನು ಪೆಟ್ಟಿಗೆಯ ಆಕಾರ. ಎದುರುಬದುರು ಗೋಡೆಗಳ ನಡುವೆ ಶಬ್ದದ ಅಲೆ ಹೋಗಿಬಂದು ತನ್ನ ಮೇಲೆ ತಾನೇ ಕೂಡಿ ನಿಂತ ಅಲೆಯಾಗುತ್ತದೆ. ಉದ್ದ, ಅಗಲ, ಆಳ ಮೂರೂ ಸಮನಾದ ಘನಾಕೃತಿಯಲ್ಲಿ ಮೂರು ದಿಕ್ಕಿನ ಅಲೆಗಳೂ ಒಂದೇ ಆವರ್ತನದ ಮೇಲೆ ಬಿದ್ದು ಅದನ್ನು ಎತ್ತಿ ತೋರಿಸುತ್ತವೆ. ಆದ್ದರಿಂದ ಮೂರು ಅಳತೆಗಳನ್ನು ಬೇರೆ ಬೇರೆಯಾಗಿಡುವುದು ವಾಡಿಕೆ. ಡ್ರೈವರ್, ಕೊಳವೆ, ಒಳಗಿನ ಆಧಾರಪಟ್ಟಿಗಳು ಕಬಳಿಸುವ ಜಾಗಕ್ಕೆಂದು 2 ಲೀಟರ್ ಸೇರಿಸಿ ಒಟ್ಟು 22 ಲೀಟರ್ ಎಂದುಕೊಂಡರೆ, ಒಳಗಿನ ಅಗಲ 22.2, ಆಳ 28, ಎತ್ತರ 35.3 ಸೆಂ.ಮೀ. ಇರಿಸಬಹುದು. ಆಗ ನಿಂತ ಅಲೆಗಳು ಸುಮಾರು 775, 614 ಮತ್ತು 487 ಹರ್ಟ್ಸ್‌ನಲ್ಲಿ ಚದರಿಹೋಗುತ್ತವೆ. 18 ಮಿ.ಮೀ. ದಪ್ಪದ ಹಲಗೆಯಲ್ಲಿ ಇಂಥ ಎರಡು ಪೆಟ್ಟಿಗೆಗಳಿಗೆ ಎಂಟಡಿ ನಾಲ್ಕಡಿಯ ಒಂದು ಹಾಳೆಯ ಅರ್ಧಕ್ಕಿಂತ ಕಡಿಮೆ ಸಾಕಾಗುತ್ತದೆ. ಉಳಿದದ್ದು ಆಧಾರಪಟ್ಟಿಗೂ ಮುಂಭಾಗವನ್ನು ಇಮ್ಮಡಿ ದಪ್ಪ ಮಾಡುವುದಕ್ಕೂ ಒದಗುತ್ತದೆ.

ತೇಗವೋ, ಪ್ಲೈವುಡ್ಡೋ?

ಮನೆಯಲ್ಲಿ ಉಳಿದಿರುವ ಹಳೆಯ ತೇಗದ ಹಲಗೆಯಿಂದ ಪೆಟ್ಟಿಗೆ ಮಾಡುವ ಆಸೆ ಸಹಜವಾದರೂ ಅದಕ್ಕೆ ಅಡ್ಡಿಗಳಿವೆ. ಇಡಿಮರ ಗಾಳಿಯ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ, ಅದೂ ಎಳೆಯ ಉದ್ದಕ್ಕಲ್ಲ, ಅಡ್ಡಕ್ಕೆ. ಹಿಗ್ಗುಕುಗ್ಗು ಕಡಿಮೆಯೆಂದು ಹೆಸರಾದ ತೇಗದಲ್ಲೂ 25 ಸೆಂ.ಮೀ. ಅಗಲದ ಹಲಗೆಯ ತೇವಾಂಶ ಶೇ 5ರಷ್ಟು ಬದಲಾದರೆ, ಸೀಳಿದ ಬಗೆಗೆ ತಕ್ಕಂತೆ, ಅಗಲ ಸುಮಾರು 2 ಮಿ.ಮೀ.ವರೆಗೂ ವ್ಯತ್ಯಾಸವಾಗಬಲ್ಲದು. ಮಂಗಳೂರಿನ ಮಳೆಗಾಲದಲ್ಲಿ ಅಂಟಿಸಿದ ಪೆಟ್ಟಿಗೆ ಕಲಬುರಗಿಯ ಬೇಸಗೆಯಲ್ಲಿ ಮೂಲೆ ಬಿಡುವುದಕ್ಕೆ ಅಷ್ಟು ಸಾಕು; ಮೂಲೆ ಬಿಟ್ಟರೆ ಗಾಳಿ ಸೋರುತ್ತದೆ, ಗಾಳಿ ಸೋರಿದರೆ ಹಾಕಿದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ.

ತೆಳುಪದರಗಳನ್ನು ಒಂದರ ಎಳೆಗೆ ಇನ್ನೊಂದರ ಎಳೆ ಅಡ್ಡ ಬರುವಂತೆ ಅಂಟಿಸಿದ ಪ್ಲೈವುಡ್‌ನಲ್ಲಿ ಒಂದು ಪದರದ ಚಲನೆಯನ್ನು ಮತ್ತೊಂದು ತಡೆಯುವುದರಿಂದ ಈ ತೊಂದರೆಯಿಲ್ಲ. ತೂಕಕ್ಕೆ ಹೋಲಿಸಿದರೆ ಅದರ ಬಿಗಿತವೂ ಹೆಚ್ಚು, ಸ್ಕ್ರೂ ಕಚ್ಚಿ ಹಿಡಿಯುತ್ತದೆ. ಭಾರತೀಯ ಮಾನಕ ಐಎಸ್ 303 ಸಾಮಾನ್ಯ ಬಳಕೆಯ ಪ್ಲೈವುಡ್‌ಗೂ, ಐಎಸ್ 710 ನೀರಿಗೆ ಜಗ್ಗದ ಮರೀನ್ ದರ್ಜೆಗೂ ಅನ್ವಯಿಸುತ್ತವೆ. ಪೆಟ್ಟಿಗೆಗೆ ನೀರಿನ ಭಯವಿಲ್ಲದಿದ್ದರೂ ಮೇಲ್ದರ್ಜೆಯ ಹಾಳೆ ಕೊಳ್ಳುವುದಕ್ಕೆ ಬೇರೊಂದು ಕಾರಣವಿದೆ: ಅಗ್ಗದ ಪ್ಲೈವುಡ್‌ನ ಒಳಪದರಗಳಲ್ಲಿ ಟೊಳ್ಳುಗಳಿರುತ್ತವೆ, ಆ ಟೊಳ್ಳಿನ ಸುತ್ತ ಸಡಿಲವಾದ ಪದರ ಜೋರಾದ ಮಂದ್ರಕ್ಕೆ ಗಿರಗುಟ್ಟುತ್ತದೆ ಮತ್ತು ಪೆಟ್ಟಿಗೆ ಮುಗಿದ ಮೇಲೆ ಅದನ್ನು ಹುಡುಕಿ ಸರಿಪಡಿಸುವ ದಾರಿಯೇ ಇರುವುದಿಲ್ಲ. ಹಾಳೆಯನ್ನು ಕೊಯ್ದ ಕೂಡಲೇ ನಾಲ್ಕೂ ಅಂಚುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಟೊಳ್ಳು ಕಣ್ಣಿಗೆ ಬೀಳುತ್ತದೆ.

ಮರದ ನಾರನ್ನು ಅಂಟಿನೊಡನೆ ಬಿಸಿಯಲ್ಲಿ ಒತ್ತಿ ಮಾಡಿದ ಎಂಡಿಎಫ್‌ಗೆ ಎಳೆಯೆಂಬುದೇ ಇಲ್ಲ, ಟೊಳ್ಳೂ ಇಲ್ಲ. ಘನಮೀಟರಿಗೆ ಸುಮಾರು 700ರಿಂದ 750 ಕಿಲೋ ತೂಗುವ ಈ ಹಲಗೆ ಸಮತಟ್ಟಾಗಿದ್ದು ರೌಟರ್ ಯಂತ್ರದಡಿ ಬೆಣ್ಣೆಯಷ್ಟು ನುಣ್ಣಗೆ ಕೊಯ್ಯಿಸಿಕೊಳ್ಳುತ್ತದೆ, ಬಣ್ಣ ಬಳಿಯುವುದಕ್ಕೂ ಹದವಾದ ಮೈ ಕೊಡುತ್ತದೆ. ಅಂಚಿಗೆ ಸ್ಕ್ರೂ ಹಾಕಿದರೆ ಸೀಳುವುದು, ನೀರು ತಗುಲಿದರೆ ಉಬ್ಬುವುದು ಅದರ ದೋಷಗಳು. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಅದರ ದೂಳಿನದು. ಮರದ ದೂಳನ್ನೂ ಅಂಟಿನಲ್ಲಿರುವ ಫಾರ್ಮಾಲ್ಡಿಹೈಡನ್ನೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿರಿಸಿದೆ. ಮುಖಕ್ಕೆ ಸರಿಯಾದ ಮಾಸ್ಕ್ ಇಲ್ಲದೆ, ಮುಚ್ಚಿದ ಕೋಣೆಯಲ್ಲಿ ಈ ಹಲಗೆ ಕೊಯ್ಯಬಾರದು.

ಗೋಡೆಯ ಕಂಪನ: ಎರಡು ಪಂಥ

ಒಳಗಿನ ಗಾಳಿಯ ಒತ್ತಡ ಮತ್ತು ಡ್ರೈವರಿನ ಚೌಕಟ್ಟು ಕೊಡುವ ಹಿನ್ನೂಕು ಎರಡೂ ಪೆಟ್ಟಿಗೆಯ ಗೋಡೆಗಳನ್ನು ಅಲುಗಿಸುತ್ತವೆ. ಶಂಕಿಗಿಂತ ಗೋಡೆಗಳ ಒಟ್ಟು ವಿಸ್ತೀರ್ಣ ಹತ್ತಾರು ಪಟ್ಟು ಹೆಚ್ಚಾದ್ದರಿಂದ ಕಣ್ಣಿಗೆ ಕಾಣದಷ್ಟು ಅಲುಗಾಟವೂ ಕಿವಿಗೆ ಮುಟ್ಟುತ್ತದೆ. ಇದನ್ನು ಹದ್ದುಬಸ್ತಿನಲ್ಲಿಡಲು ಎರಡು ಪಂಥಗಳಿವೆ.

ಮೊದಲನೆಯದು ಬಿಗಿತದ ಪಂಥ. ಹಲಗೆಯ ಬಾಗುಬಿಗಿತ ದಪ್ಪದ ಘನಕ್ಕೆ ಅನುಗುಣವಾಗಿ ಏರುವುದರಿಂದ 12 ಮಿ.ಮೀ. ಬದಲು 18 ಮಿ.ಮೀ. ಹಲಗೆ ಬಳಸಿದರೆ ಬಿಗಿತ ಮೂರು ಪಟ್ಟಿಗೂ ಮೀರುತ್ತದೆ. ಆದರೆ ದಪ್ಪ ಏರಿಸುತ್ತಲೇ ಹೋಗುವುದಕ್ಕಿಂತ ಎದುರುಬದುರು ಗೋಡೆಗಳನ್ನು ಒಳಗಿನಿಂದ ಆಧಾರಪಟ್ಟಿಯಿಂದ ಬಂಧಿಸುವುದು ಹೆಚ್ಚು ಫಲ ಕೊಡುತ್ತದೆ, ಏಕೆಂದರೆ ಆಧಾರವಿಲ್ಲದ ಹರವು ಕಡಿಮೆಯಾದಷ್ಟೂ ಹಲಗೆ ಕಂಪಿಸುವ ಆವರ್ತನ ಮೇಲೇರುತ್ತದೆ. ಪಟ್ಟಿಯನ್ನು ನಟ್ಟನಡುವೆ ಕೂರಿಸದೆ ತುಸು ಪಕ್ಕಕ್ಕೆ ಸರಿಸುವುದು ರೂಢಿ. ಎರಡು ಭಾಗಗಳೂ ಸಮನಾದರೆ ಎರಡೂ ಒಂದೇ ಸ್ವರದಲ್ಲಿ ಕಂಪಿಸುತ್ತವೆ, ಅಸಮವಾದರೆ ಕಂಪನ ಹಂಚಿಹೋಗುತ್ತದೆ. ನಡುವೆ ದೊಡ್ಡ ಕಿಂಡಿಗಳನ್ನು ಕೊರೆದ ಒಂದು ಅಡ್ಡಹಲಗೆಯನ್ನೇ ನಾಲ್ಕೂ ಗೋಡೆಗಳಿಗೆ ತಾಗುವಂತೆ ಅಂಟಿಸಿದರೆ ಗಾಳಿಯ ಓಡಾಟಕ್ಕೆ ಅಡ್ಡಿಯಾಗದೆ ಇಡೀ ಪೆಟ್ಟಿಗೆ ಬಿಗಿಯುತ್ತದೆ. ಕಾರ್ಖಾನೆಯಲ್ಲಿ ಮೊದಲು ಕೈಬಿಡುವ ಭಾಗ ಸಾಮಾನ್ಯವಾಗಿ ಇದೇ. ಹೊರಗಿನಿಂದ ಕಾಣದ್ದಕ್ಕೆ ಗಿರಾಕಿ ದುಡ್ಡು ಕೊಡುವುದಿಲ್ಲ.

ಎರಡನೆಯದು ಬಿಬಿಸಿಯ ಪಂಥ. ಬ್ರಿಟಿಷ್ ಪ್ರಸಾರ ಸಂಸ್ಥೆಯ ಸಂಶೋಧನಾ ವಿಭಾಗದಲ್ಲಿ ಡಡ್ಲಿ ಹಾರ್ವುಡ್ ಮತ್ತು ಸಂಗಡಿಗರು ಕಂಡುಕೊಂಡಂತೆ, ದಪ್ಪ ಹಲಗೆಯ ಕಂಪನ ಮೇಲೇರಿದಾಗ ಅದು ಮನುಷ್ಯಕಂಠದ ಆವರ್ತನಗಳ ನಡುವೆಯೇ ಬಂದು ಕೂರಬಹುದು ಮತ್ತು ಕಿವಿ ಅತ್ಯಂತ ಚುರುಕಾಗಿರುವುದು ಅಲ್ಲಿಯೇ. ಅದಕ್ಕಾಗಿ ಅವರು ಹಲಗೆಯನ್ನು ತೆಳ್ಳಗಿಟ್ಟು ಕಂಪನವನ್ನು ಕೆಳಗಿಳಿಸಿ, ಒಳಮೈಗೆ ಡಾಂಬರು ಮೂಲದ ಭಾರವಾದ ಹಾಳೆಗಳನ್ನು ಅಂಟಿಸಿ ಅದನ್ನು ಅಡಗಿಸಿದರು. ಹೊರಾಂಗಣ ಪ್ರಸಾರದ ಇಕ್ಕಟ್ಟಾದ ವ್ಯಾನುಗಳಿಗಾಗಿ 1970ರ ದಶಕದ ಆರಂಭದಲ್ಲಿ ರೂಪಿಸಿದ, ಒಂದಡಿ ಎತ್ತರದ ಎಲ್‌ಎಸ್3/5ಎ ಈ ಪಂಥದ ಹೆಸರಾಂತ ಮಾದರಿ. ಅದರ ಗೋಡೆ 12 ಮಿ.ಮೀ. ಬರ್ಚ್ ಪ್ಲೈವುಡ್‌ನದು. ಒಳಗಿನ ಮೂಲೆಗಳಲ್ಲಿ ಹಲಗೆಗಳನ್ನು ಹಿಡಿದುಕೊಳ್ಳುವ ಕಿರಿದಾದ ಮರದ ಪಟ್ಟಿಗಳಿಗೆ ಗಟ್ಟಿಮರವಾದ ಬೀಚ್ ಬಳಸಬೇಕೆಂಬ ನಿಯಮವಿತ್ತು. ತಯಾರಿಕೆಯ ಒಂದು ಕಂತಿನಲ್ಲಿ ಬೀಚ್ ಬದಲು ಪರಾನಾ ಪೈನ್ ಎಂಬ ಮೆದುಮರ ಸೇರಿಕೊಂಡಾಗ ದನಿಯಲ್ಲಿ ಬಣ್ಣ ಕಾಣಿಸಿಕೊಂಡಿತೆಂಬುದನ್ನು 1976ರ ಬಿಬಿಸಿ ಸಂಶೋಧನಾ ವರದಿ ದಾಖಲಿಸಿದೆ. ಹೊರಗೆ ಎಲ್ಲೂ ಕಾಣದ, ಬೆರಳಗಲದ ಪಟ್ಟಿಯ ಮರ ಬದಲಾದರೂ ಕಿವಿಗೆ ಗೊತ್ತಾಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗಲಾರದು.

ಈ ಎರಡು ಪಂಥಗಳ ನಡುವೆ ಮನೆಯ ಬಡಗಿಗೆ ಒಪ್ಪುವ ಮೂರನೆಯದೊಂದಿದೆ. ಇಂಗ್ಲೆಂಡಿನ ವಾರ್ಫ್‌ಡೇಲ್ ಕಂಪನಿಯನ್ನು 1932ರಲ್ಲಿ ಸ್ಥಾಪಿಸಿ, ಸಾಮಾನ್ಯ ಓದುಗರಿಗಾಗಿ ಧ್ವನಿವರ್ಧಕಗಳ ಕುರಿತು ಪುಸ್ತಕಗಳನ್ನೂ ಬರೆದ ಗಿಲ್ಬರ್ಟ್ ಬ್ರಿಗ್ಸ್, ಎರಡು ತೆಳು ಪ್ಲೈವುಡ್ ಹಾಳೆಗಳ ನಡುವೆ ಒಣಮರಳು ತುಂಬಿದ ಗೋಡೆಗಳನ್ನು ಬಳಕೆಗೆ ತಂದರು. ಮರಳಿನ ಕಣಗಳು ಒಂದಕ್ಕೊಂದು ಉಜ್ಜಿ ಕಂಪನದ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸುತ್ತವೆ. ಮರಳನ್ನು ಚೆನ್ನಾಗಿ ಜರಡಿ ಹಿಡಿದು, ತೇವ ಉಳಿಯದಂತೆ ಬಾಣಲೆಯಲ್ಲಿ ಹುರಿದು ಆರಿಸಿಯೇ ತುಂಬಬೇಕು; ಹಸಿ ಮರಳು ಹಲಗೆಯನ್ನು ಕೊಳೆಸುತ್ತದೆ. ಇಷ್ಟೊಂದು ತೂಕವನ್ನು ಸಾಗಿಸುವ ಖರ್ಚಿಗೆ ಅಂಜುವ ಕಾರ್ಖಾನೆಗೆ ಒಗ್ಗದ ಈ ಉಪಾಯ, ಕಟ್ಟಿದ ಕೋಣೆಯಲ್ಲೇ ಉಳಿಯುವ ಪೆಟ್ಟಿಗೆಗೆ ಹೇಳಿ ಮಾಡಿಸಿದಂತಿದೆ.

ಕೊಯ್ತ, ಅಂಟು, ಗಾಳಿಬಿಗಿ

ಪೆಟ್ಟಿಗೆಯ ಹಣೆಬರಹ ಅರ್ಧ ನಿರ್ಧಾರವಾಗುವುದು ಗರಗಸದ ಮುಂದೆ. ಹಲಗೆ ಮಾರುವ ಅಂಗಡಿಯಲ್ಲೇ ಸ್ಲೈಡಿಂಗ್ ಟೇಬಲ್ ಗರಗಸವಿದ್ದರೆ ನೇರಕೊಯ್ತವನ್ನೆಲ್ಲ ಅಲ್ಲಿಯೇ ಮಾಡಿಸಿಕೊಳ್ಳುವುದು ಒಳ್ಳೆಯದು. ಒಂದೇ ಅಳತೆಯ ತುಂಡುಗಳನ್ನೆಲ್ಲ ಯಂತ್ರದ ಅಳತೆಗಟ್ಟೆಯನ್ನು ಕದಲಿಸದೆ ಒಟ್ಟಿಗೆ ಕೊಯ್ದರೆ ಅವು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡುತ್ತವೆ. ಜೋಡಣೆಯಲ್ಲಿ ಎಲ್ಲಕ್ಕೂ ಸರಳವಾದದ್ದು ಒಂದು ಹಲಗೆಯ ಅಂಚನ್ನು ಇನ್ನೊಂದರ ಮೈಗೆ ಅಂಟಿಸುವ ನೇರ ಜೋಡಣೆ. ಅಂಚಿನಲ್ಲಿ ಮೆಟ್ಟಿಲು ತೆಗೆದು ಕೂರಿಸಿದರೆ ಅಂಟು ಹಿಡಿಯುವ ಜಾಗ ಹೆಚ್ಚುತ್ತದೆ, ಮೂಲೆಯೂ ತಾನಾಗಿ ನೇರ ನಿಲ್ಲುತ್ತದೆ. 45 ಡಿಗ್ರಿಗೆ ಓರೆಯಾಗಿ ಕೊಯ್ದ ಮೂಲೆ ನೋಡಲು ಅಂದವಾದರೂ ಕೈಪಳಗಿದವರಿಗೇ ಸರಿ. ಫೆವಿಕಾಲ್‌ನಂಥ ಬಿಳಿ ಅಂಟು ಪ್ಲೈವುಡ್‌ಗೂ ಎಂಡಿಎಫ್‌ಗೂ ಸಾಕಷ್ಟು ಬಲ ಕೊಡುತ್ತದೆ, ಆದರೆ ಅದು ಕಚ್ಚುವುದು ಒತ್ತಡದಲ್ಲಿ. ಕ್ಲಾಂಪುಗಳು ಸಾಲದಿದ್ದರೆ ಸ್ಕ್ರೂ ಹಾಕಿ ಬಿಗಿದು, ಅಂಟು ಒಣಗಿದ ಮೇಲೆ ಸ್ಕ್ರೂ ಬಿಚ್ಚಿ ತೂತು ಮುಚ್ಚಬಹುದು. ಎಂಡಿಎಫ್ ಅಂಚಿಗೆ ಸ್ಕ್ರೂ ಹಾಕುವ ಮುನ್ನ ತಕ್ಕ ಗಾತ್ರದ ತೂತು ಕೊರೆಯದಿದ್ದರೆ ಹಲಗೆ ಸೀಳುವುದು ಖಂಡಿತ. ಒಳಗಿನ ಸಂದುಗಳಿಗೆಲ್ಲ ಬೆರಳಿನಿಂದ ಅಂಟಿನ ಒಂದು ಏಣು ಎಳೆದುಬಿಟ್ಟರೆ ಗಾಳಿಬಿಗಿಗೆ ಭದ್ರತೆ.

ಡ್ರೈವರಿನ ಕಿಂಡಿಯನ್ನು ರೌಟರಿಗೆ ಕೈವಾರದಂಥ ಪಟ್ಟಿ ಜೋಡಿಸಿ ದುಂಡಗೆ ಕೊರೆಯುವಾಗ ಮೊದಲು ಚೌಕಟ್ಟಿನ ಅಂಚು ಇಳಿಯುವಷ್ಟು ಆಳದ ತಗ್ಗನ್ನು ತೆಗೆದು, ಆಮೇಲೆ ಒಳಕಿಂಡಿಯನ್ನು ಕತ್ತರಿಸಬೇಕು. ಮೊದಲೇ ಕಿಂಡಿ ಕತ್ತರಿಸಿದರೆ ಕೈವಾರದ ಮೊಳೆ ಊರಲು ನಡುವೆ ಜಾಗವೇ ಉಳಿಯುವುದಿಲ್ಲ. ವೂಫರಿನ ಕಿಂಡಿಯ ಹಿಂಬದಿಯ ಅಂಚನ್ನು ಓರೆಯಾಗಿ ತೆಗೆಯುವುದನ್ನು ಮರೆಯಬಾರದು. ದಪ್ಪ ಹಲಗೆಯಲ್ಲಿ ಕೊರೆದ ನೇರ ಕಿಂಡಿ ಶಂಕಿನ ಬೆನ್ನಿಗೆ ಗಿಡ್ಡ ಸುರಂಗದಂತಾಗಿ ಗಾಳಿಯನ್ನು ಕಟ್ಟುತ್ತದೆ.

ಹೊರಗಿನ ಮೂಲೆಗಳೂ ದನಿಯನ್ನು ಮುಟ್ಟುತ್ತವೆ. ಅಮೆರಿಕದ ಆರ್‌ಸಿಎ ಕಂಪನಿಯ ಹ್ಯಾರಿ ಆಲ್ಸನ್ 1950ರ ದಶಕದ ಆರಂಭದಲ್ಲಿ ಒಂದೇ ಡ್ರೈವರನ್ನು ಬೇರೆ ಬೇರೆ ಆಕಾರದ ಪೆಟ್ಟಿಗೆಗಳಲ್ಲಿಟ್ಟು ಅಳೆದಾಗ, ಗೋಳಾಕಾರದಲ್ಲಿ ಪ್ರತಿಕ್ರಿಯೆ ಅತ್ಯಂತ ನಯವಾಗಿಯೂ ಘನಾಕೃತಿಯಂಥವುಗಳಲ್ಲಿ ಏರಿಳಿತ ತೀವ್ರವಾಗಿಯೂ ಕಂಡುಬಂದವು. ಮುಂಭಾಗದ ಮೇಲೆ ಹರಿದು ಬಂದ ಅಲೆ ಚೂಪಾದ ಅಂಚಿಗೆ ಬಂದು ಹಠಾತ್ತನೆ ಹರಡಿಕೊಂಡಾಗ ಅಲ್ಲಿಂದಲೇ ಎರಡನೆಯ ಅಲೆಯೊಂದು ಹುಟ್ಟಿ ಮೊದಲನೆಯದರ ಜೊತೆ ಬೆರೆಯುವುದು ಇದಕ್ಕೆ ಕಾರಣ. ಮರದ ಪೆಟ್ಟಿಗೆಯನ್ನು ಗೋಳವಾಗಿಸಲಾಗದಿದ್ದರೂ ಅಂಚನ್ನು ಉಜ್ಜುಗೊರಡಿನಿಂದ ದೊಡ್ಡ ಓರೆಯಾಗಿ ತೆಗೆಯುವುದು, ಟ್ವೀಟರನ್ನು ಎಡಬಲ ಅಂಚುಗಳಿಂದ ಸಮದೂರದಲ್ಲಿಡದೆ ತುಸು ಸರಿಸುವುದು ಮನೆಯಲ್ಲೇ ಆಗುವ ಕೆಲಸ.

ಪೆಟ್ಟಿಗೆಯ ಒಳಗೆ ತುಂಬುವ ನಾರಿನ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆಯಿದೆ. ನಿಂತ ಅಲೆಯಲ್ಲಿ ಗೋಡೆಯ ಬಳಿ ಗಾಳಿಯ ಒತ್ತಡ ಗರಿಷ್ಠವಿದ್ದರೂ ಚಲನೆ ಶೂನ್ಯ. ನಾರು ಶಕ್ತಿಯನ್ನು ಹೀರುವುದು ಗಾಳಿ ಅದರ ಎಳೆಗಳ ನಡುವೆ ಚಲಿಸಿದಾಗ ಮಾತ್ರ. ಗೋಡೆಗೆ ತೆಳ್ಳಗೆ ಅಂಟಿಸಿದ ಫೋಮಿಗಿಂತ ಪೆಟ್ಟಿಗೆಯ ನಡುಭಾಗದಲ್ಲಿ ಸಡಿಲವಾಗಿ ತುಂಬಿದ ಉಣ್ಣೆಯೋ ಪಾಲಿಯೆಸ್ಟರ್ ನಾರೋ ಹೆಚ್ಚು ಕೆಲಸ ಮಾಡುವುದು ಇದರಿಂದಲೇ. ಕೊಳವೆ ಪೆಟ್ಟಿಗೆಯಲ್ಲಿ ಡ್ರೈವರಿಗೂ ಕೊಳವೆಯ ಬಾಯಿಗೂ ನಡುವಣ ದಾರಿಯನ್ನು ಮಾತ್ರ ತೆರವಾಗಿಡಬೇಕು.

ಮೆರುಗಿನ ಕೆಲಸ

ಮೆರುಗು ಕೊಡುವುದು ಅಲಂಕಾರಕ್ಕಷ್ಟೇ ಎಂದು ತಿಳಿದವರು ಅದನ್ನು ಕೊನೆಯ ವಾರಕ್ಕೆ ತಳ್ಳುತ್ತಾರೆ. ವಾಸ್ತವವಾಗಿ ಹಲಗೆಗೆ ತೇವ ಹೋಗದಂತೆ, ಅದು ಸೊಟ್ಟಗಾಗದಂತೆ ಕಾಯುವುದು ಇದೇ ಕೆಲಸ. ಬಣ್ಣ ಬಳಿಯುವುದಾದರೆ ಎಂಡಿಎಫ್‌ನ ಕೊಯ್ದ ಅಂಚು ದೊಡ್ಡ ತಲೆನೋವು, ಏಕೆಂದರೆ ತೆರೆದ ನಾರು ಎಷ್ಟು ಕೋಟ್ ಬಳಿದರೂ ಹೀರುತ್ತಲೇ ಇರುತ್ತದೆ. ನೀರು ಬೆರೆಸಿ ತೆಳುವಾಗಿಸಿದ ಬಿಳಿ ಅಂಟನ್ನೋ ಸ್ಯಾಂಡಿಂಗ್ ಸೀಲರನ್ನೋ ಮೊದಲು ಕುಡಿಸಿ, ಒಣಗಿದ ಮೇಲೆ ಎದ್ದು ನಿಂತ ನಾರನ್ನು ಉಜ್ಜಿ ತೆಗೆದರೆ ಅಂಚು ಮೈಯಂತೆಯೇ ನುಣುಪಾಗುತ್ತದೆ. ಅಂಟಿನ ನೀರನ್ನು ಕುಡಿದು ಉಬ್ಬಿದ ಜೋಡಣೆಯ ಗೆರೆಯನ್ನು ಆತುರದಿಂದ ಮಟ್ಟಮಾಡಿ ಬಣ್ಣ ಬಳಿದರೆ, ಕೆಲವು ವಾರಗಳಲ್ಲಿ ತೇವ ಆರಿ ಆ ಜಾಗ ಕುಸಿದು, ಕನ್ನಡಿಯಂಥ ಬಣ್ಣದಡಿ ಜೋಡಣೆಯ ಗೆರೆ ಮತ್ತೆ ಮೂಡುತ್ತದೆ. ಅಂಟಿಸಿದ ಪೆಟ್ಟಿಗೆಯನ್ನು ಒಂದೆರಡು ವಾರ ಸುಮ್ಮನೆ ಬಿಡುವುದೇ ಇದಕ್ಕಿರುವ ಮದ್ದು.

ಅರ್ಧ ಮಿ.ಮೀ. ಆಸುಪಾಸು ದಪ್ಪದ ಅಸಲಿ ಮರದ ತೆಳುಹಾಳೆಯಾದ ವಿನೀರ್ ಅಂಟಿಸುವವರು ಒಂದು ನಿಯಮ ಪಾಲಿಸಬೇಕು: ಹಲಗೆಯ ಒಂದು ಮೈಗೆ ಮಾತ್ರ ವಿನೀರ್ ಹಚ್ಚಿದರೆ ಅದು ಒಣಗಿ ಕುಗ್ಗುವಾಗ ಹಲಗೆಯನ್ನೂ ಬಾಗಿಸುತ್ತದೆ, ಆದ್ದರಿಂದ ಬಿಡಿ ಹಲಗೆಗೆ ಎರಡೂ ಮೈಗೆ ಹಚ್ಚಬೇಕು. ಪೆಟ್ಟಿಗೆ ಕಟ್ಟಿ ಮುಗಿದು ಆಧಾರಪಟ್ಟಿಗಳು ಬಿಗಿದ ಮೇಲೆ ಹಚ್ಚಿದರೆ ಈ ಭಯ ಬಹುಮಟ್ಟಿಗೆ ಇರುವುದಿಲ್ಲ. ವಿನೀರನ್ನು ಉಜ್ಜುವಾಗ 180ನೇ ನಂಬರಿನ ಉಪ್ಪುಕಾಗದದಿಂದ ಶುರುಮಾಡಿ 240, 320ಕ್ಕೆ ಹೋಗುವುದು ಕ್ರಮ. ಸದಾ ಮರದ ಎಳೆಯ ಗುಂಟ, ಮೂಲೆಗಳಲ್ಲಿ ಕೈ ಹಗುರ. ಅರ್ಧ ಮಿ.ಮೀ. ಸವೆದು ಕೆಳಗಿನ ಹಲಗೆ ಇಣುಕಿದರೆ ತೇಪೆ ಹಾಕುವ ಉಪಾಯವಿಲ್ಲ.

ಪಾಲಿಶ್‌ಗಳಲ್ಲಿ ಹಳೆಯದು ಅರಗಿನದು. ಮರಗಳ ರೆಂಬೆಗಳ ಮೇಲೆ ಅರಗಿನ ಹುಳು ಸ್ರವಿಸುವ ರಾಳವನ್ನು ಶುದ್ಧಿಮಾಡಿ ಚಕ್ಕೆಯಾಗಿಸಿ, ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸುತ್ತಿದ ಹತ್ತಿಯುಂಡೆಯಿಂದ ತೆಳುತೆಳುವಾಗಿ ಹಲವು ಸಲ ತೀಡುವುದೇ ಫ್ರೆಂಚ್ ಪಾಲಿಶ್. 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳೂ ಇದೇ ಅರಗಿನಿಂದ ಆದವು. ಕಾಡಿನ ಅರಗನ್ನು ಬಳಸಿಕೊಳ್ಳಲೆಂದು ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಕಾಲದಲ್ಲಿ, 1937ರಲ್ಲಿ, ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಕಾರ್ಖಾನೆ ಇಂದು ಚುನಾವಣೆಯ ಅಳಿಸಲಾಗದ ಶಾಯಿಯಿಂದ ಹೆಚ್ಚು ಪರಿಚಿತ. ಅರಗಿನ ಪಾಲಿಶ್ ಬೇಗ ಒಣಗುತ್ತದೆ, ಗೀರು ಬಿದ್ದಲ್ಲಿ ಮತ್ತೆ ತೀಡಿದರೆ ಹಳೆಯ ಪದರದೊಡನೆ ಬೆಸೆದುಕೊಳ್ಳುತ್ತದೆ. ಆದರೆ ಬಿಸಿ ಲೋಟವಿಟ್ಟರೆ ಗುರುತು ಉಳಿಸಿಕೊಳ್ಳುತ್ತದೆ. ಎರಡು ದ್ರವಗಳನ್ನು ಬೆರೆಸಿ ಹೊಡೆಯುವ ಪಿ.ಯು. (ಪಾಲಿಯುರೆಥೇನ್) ಪಾಲಿಶ್ ಗಟ್ಟಿ ಮತ್ತು ನೀರಿಗೆ ಜಗ್ಗದ್ದು, ಆದರೆ ಅದನ್ನು ಸಿಂಪಡಿಸಲು ಗಾಳಿಯಾಡುವ ಜಾಗವೂ ತಕ್ಕ ಮಾಸ್ಕೂ ಬೇಕು, ಹಾಳಾದರೆ ದುರಸ್ತಿಯೂ ಕಷ್ಟ. ಅಗಸೆ ಎಣ್ಣೆಯ ಮೆರುಗು ಸುಲಭವಾದರೂ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಿದರೆ, ಎಣ್ಣೆ ಗಾಳಿಯ ಆಮ್ಲಜನಕದೊಡನೆ ಕೂಡುವಾಗ ಹೊಮ್ಮುವ ಶಾಖ ಒಳಗೇ ಕೂಡಿಕೊಂಡು ಅದು ತಾನಾಗಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಹರವಿ ಒಣಗಿಸಬೇಕು ಇಲ್ಲವೇ ನೀರಿನಲ್ಲಿ ನೆನೆಸಿಡಬೇಕು. ಮಳೆ ಹಿಡಿದ ದಿನ ಅರಗು ಮತ್ತು ಲ್ಯಾಕರ್‌ಗಳ ಕೆಲಸಕ್ಕೆ ರಜೆ ಕೊಡುವುದೇ ಸರಿ, ಏಕೆಂದರೆ ದ್ರಾವಕ ಆವಿಯಾಗುವಾಗ ತಣ್ಣಗಾದ ಮೈಮೇಲೆ ಗಾಳಿಯ ತೇವ ಇಳಿದು ಪಾಲಿಶ್ ಬೆಳ್ಳಗೆ ಮಂಜುಗಟ್ಟುತ್ತದೆ. ಪಾಲಿಶ್ ಪೂರ್ತಿ ಒಣಗಿ ವಾಸನೆ ಹೋಗುವ ತನಕ ಡ್ರೈವರುಗಳನ್ನು ಕೂರಿಸಬಾರದು. ದ್ರಾವಕದ ಆವಿ ಶಂಕಿನ ರಬ್ಬರ್ ಅಂಚಿಗೂ ಅಂಟಿಗೂ ಹಿತವಲ್ಲ, ಉಜ್ಜಿದ ದೂಳು ಅಯಸ್ಕಾಂತದ ಸಂದಿಗೂ ಹಿತವಲ್ಲ.

ಲೆಕ್ಕ ಸರಿಬಂತೇ?

ಕಟ್ಟಿದ ಪೆಟ್ಟಿಗೆಯನ್ನು ಪರೀಕ್ಷಿಸಲು ಪ್ರಯೋಗಾಲಯವೇ ಬೇಕೆಂದಿಲ್ಲ. ಮುಚ್ಚಿದ ಪೆಟ್ಟಿಗೆಯಲ್ಲಿ ವೂಫರಿನ ಶಂಕನ್ನು ಬೆರಳುಗಳಿಂದ ಸುತ್ತಲೂ ಸಮನಾಗಿ, ಮೆಲ್ಲಗೆ ಒಳಕ್ಕೆ ಒತ್ತಿ ಬಿಟ್ಟಾಗ ಅದು ನಿಧಾನವಾಗಿ ಹಿಂದಿರುಗಿದರೆ ಪೆಟ್ಟಿಗೆ ಗಾಳಿಬಿಗಿಯಾಗಿದೆ ಎಂದರ್ಥ. ಥಟ್ಟನೆ ಮರಳಿದರೆ ಎಲ್ಲೋ ಸೋರಿಕೆಯಿದೆ. ಕೊಳವೆ ಪೆಟ್ಟಿಗೆಯ ಶ್ರುತಿಯನ್ನು ಕಣ್ಣಿನಿಂದಲೇ ಅಳೆಯಬಹುದು. ಮೊಬೈಲಿನಲ್ಲಿ ಶುದ್ಧಸ್ವರ ನುಡಿಸುವ ಆ್ಯಪ್ ಹಾಕಿಕೊಂಡು, ಆಂಪ್ಲಿಫೈಯರಿನ ದನಿಯನ್ನು ಕಡಿಮೆ ಇಟ್ಟು, ಆವರ್ತನವನ್ನು 60 ಹರ್ಟ್ಸ್‌ನಿಂದ ಒಂದೊಂದಾಗಿ ಇಳಿಸುತ್ತ ಶಂಕನ್ನು ನೋಡುತ್ತಿದ್ದರೆ, ಯಾವುದೋ ಒಂದು ಅಂಕಿಯಲ್ಲಿ ಶಂಕು ಹೆಚ್ಚುಕಡಿಮೆ ನಿಂತೇಬಿಡುತ್ತದೆ ಮತ್ತು ಕೊಳವೆಯ ಬಾಯಿಗೆ ಹಿಡಿದ ಅಂಗೈಗೆ ಗಾಳಿಯ ಅಲುಗಾಟ ಜೋರಾಗಿ ತಾಗುತ್ತದೆ. ಪೆಟ್ಟಿಗೆಯ ಶ್ರುತಿ ಅದೇ. ಲೆಕ್ಕ 40 ಎಂದಿದ್ದಲ್ಲಿ ಶಂಕು 37ರಲ್ಲಿ ನಿಂತರೆ ಕೊಳವೆಯನ್ನು ತುಸು ಗಿಡ್ಡ ಮಾಡಬೇಕು.

ಈ ಹವ್ಯಾಸದ ಮಿತಿಗಳನ್ನೂ ಹೇಳಬೇಕು. ಡ್ರೈವರನ್ನು ಮನೆಯಲ್ಲಿ ತಯಾರಿಸಲಾಗದು. ಮೈಕ್ರೊಫೋನು ಹಿಡಿದು ಅಳೆಯದೆ ರೂಪಿಸಿದ ಕ್ರಾಸ್‌ಓವರ್ ಎಷ್ಟೇ ಒಳ್ಳೆಯ ಪೆಟ್ಟಿಗೆಯನ್ನೂ ಕೆಡಿಸಬಲ್ಲದು. ಮೊದಲ ಸಲ ಕಟ್ಟುವವರು ಡ್ರೈವರ್, ಕ್ರಾಸ್‌ಓವರ್, ಅಳತೆ ಮೂರನ್ನೂ ಅನುಭವಿಗಳು ಅಳೆದು ಪ್ರಕಟಿಸಿದ ವಿನ್ಯಾಸದಿಂದಲೇ ತೆಗೆದುಕೊಂಡು, ಒಳಗಾತ್ರವನ್ನೂ ಮುಂಭಾಗದ ಅಗಲವನ್ನೂ ಬದಲಿಸದೆ ಕಟ್ಟುವುದು ಸೂಕ್ತ. ಮುಂಭಾಗದ ಅಗಲ ಬದಲಾದರೆ ದನಿ ಪೆಟ್ಟಿಗೆಯನ್ನು ಸುತ್ತುವರಿದು ಹಿಂದಕ್ಕೂ ಹರಡತೊಡಗುವ ಆವರ್ತನ ಬದಲಾಗುತ್ತದೆ, ಆ ಆವರ್ತನವನ್ನು ನಂಬಿ ಲೆಕ್ಕ ಹಾಕಿದ ಕ್ರಾಸ್‌ಓವರ್ ತಪ್ಪುತ್ತದೆ. ಬಿಡಿಭಾಗ, ಹಲಗೆ, ಪಾಲಿಶ್, ಒಡೆದುಹೋದ ರೌಟರ್ ಬಿಟ್ಟುಗಳನ್ನೆಲ್ಲ ಕೂಡಿಸಿದರೆ ಅಂಗಡಿಯ ಅಗ್ಗದ ಜೋಡಿಗಿಂತ ಖರ್ಚು ಕಡಿಮೆಯಾಗುವುದಿಲ್ಲ ಎಂಬುದನ್ನೂ ಮೊದಲೇ ತಿಳಿದಿರುವುದು ಕ್ಷೇಮ. ಹೋಲಿಸಬೇಕಾದದ್ದು ಅಗ್ಗದ ಜೋಡಿಯೊಡನೆಯೂ ಅಲ್ಲ. ನಾಲ್ಕೂ ಗೋಡೆಗೆ ತಾಗಿದ ಅಡ್ಡಹಲಗೆ, ಒಳಮೈಯ ಡಾಂಬರು ಹಾಳೆ, ಬೆರಳಿನಿಂದ ಮುಚ್ಚಿದ ಸಂದು, ಎರಡು ವಾರ ಕಾದು ಉಜ್ಜಿದ ಮೂಲೆ ಇವೆಲ್ಲ ಇರುವ ಪೆಟ್ಟಿಗೆಯನ್ನು ಕೂಲಿ ಕೊಟ್ಟು ಮಾಡಿಸುವುದಾದರೆ ಅದರ ಬೆಲೆ ಸಾಮಾನ್ಯ ಸಂಸಾರಕ್ಕೆ ಎಟುಕುವುದಿಲ್ಲ. ತನ್ನ ಬಿಡುವಿನ ಗಂಟೆಗಳನ್ನೇ ಬಂಡವಾಳ ಮಾಡಿಕೊಂಡವರಿಗೆ ಮಾತ್ರ ಅದು ಹಲಗೆಯ ಬೆಲೆಗೆ ಸಿಗುತ್ತದೆ.